ಗಂಡನೇ ದುಭಾಷಿಯಾಗಿ ಬಂದಾಗ: ಮನೆಯೊಳಗಿನ ಹಿಂಸೆ ಮತ್ತು ಆಪ್ತಸಮಾಲೋಚಕರ ಕೆಲಸ

ಗೋವಾದ ವಾಸ್ಕೋದ್ದೋ ಪುಣೆಯ ಹಡಪ್ಸರದ್ದೋ ಒಂದು ಓಪಿಡಿಯನ್ನು ಕಣ್ಣೆದುರು ತಂದುಕೊಳ್ಳಿ. ಬಾಗಲಕೋಟೆ ಕಡೆಯ ಹೆಣ್ಣುಮಗಳು, ಪಕ್ಕದಲ್ಲಿ ಗಂಡ. ಡಾಕ್ಟರು ಹಿಂದಿಯಲ್ಲಿ ಕೇಳುತ್ತಾರೆ, ನಿದ್ದೆ ಬರುತ್ತದೆಯೇ ಎಂದು. ಗಂಡ ಅವಳತ್ತ ತಿರುಗಿ, “ನಿದ್ದಿ ಬರ್ತದೇನಂತ ಕೇಳಾಕತ್ತಾರ. ಇಲ್ಲ ಅನ್ನು” ಅನ್ನುತ್ತಾನೆ. ಆಕೆ ತಲೆಯಾಡಿಸುತ್ತಾಳೆ. ಮನೆಯಲ್ಲಿ ಏನಾದರೂ ಟೆನ್ಶನ್ ಇದೆಯೇ? ಈ ಪ್ರಶ್ನೆಯನ್ನು ಅವನು ಕನ್ನಡಕ್ಕೆ ತರುವುದೇ ಇಲ್ಲ. “ಕುಛ್ ನಹೀ ಸಾಬ್, ಸೋಚ್‌ತೀ ಬಹುತ್ ಹೈ” ಎಂದು ತಾನೇ ಉತ್ತರ ಕೊಟ್ಟು ಮುಗಿಸುತ್ತಾನೆ. ಐದು ನಿಮಿಷದಲ್ಲಿ ಎಸ್ಸಿಟಲೋಪ್ರಾಮ್ 10 ಮಿಲಿಗ್ರಾಂ, ರಾತ್ರಿಗೊಂದು ಕ್ಲೊನಾಜೆಪಾಮ್, ಹದಿನೈದು ದಿನ ಬಿಟ್ಟು ಬನ್ನಿ. ಚೀಟಿಯಲ್ಲಿ ತಪ್ಪೇನೂ ಇಲ್ಲ. ಕೇಳಬೇಕಾಗಿದ್ದ ಒಂದೇ ಪ್ರಶ್ನೆ ಆಕೆಯ ಕಿವಿಗೆ ಬೀಳಲಿಲ್ಲ, ಅಷ್ಟೇ.

ಮುಂಬೈ, ಪುಣೆ, ಗೋವಾಗಳಲ್ಲಿ ಕೆಲಸ ಮಾಡುವ ಕನ್ನಡ ಬಲ್ಲ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಲೋಚಕರು ಮತ್ತು ಆಸ್ಪತ್ರೆಯ ಸಮಾಜಕಾರ್ಯಕರ್ತರಿಗಾಗಿ ಈ ಮಾರ್ಗದರ್ಶಿ. ಗೋವಾದ ಬೈನಾ, ಝುವಾರಿನಗರ, ಚಿಂಬೆಲ್‌ಗಳಲ್ಲಿ ಉತ್ತರ ಕರ್ನಾಟಕದ ಮಂದಿ ಇದ್ದಾರೆ. ಮುಂಬೈಯಲ್ಲಿ ಅವರ ಜೊತೆಗೆ ಕರಾವಳಿಯಿಂದ ಬಂದು ಎರಡು ಮೂರು ತಲೆಮಾರು ಕಳೆದವರೂ ಇದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 44 ಮಂದಿ ಗಂಡನಿಂದ ಹಿಂಸೆಯಾಗಿದೆ ಎಂದಿದ್ದರು. ಖಿನ್ನತೆ, ನಿದ್ದೆಗೇಡು, ಮೈಕೈ ನೋವು, ವಿಷ ಸೇವನೆ ಎಂದು ನಿಮ್ಮ ಮುಂದೆ ಕೂರುವವರಲ್ಲಿ ಈ ಪ್ರಮಾಣ ಅದಕ್ಕಿಂತ ಕಡಿಮೆ ಇದ್ದೀತು ಎಂದುಕೊಳ್ಳಲು ಕಾರಣವೇ ಇಲ್ಲ.

ಮೊದಲು ಕೋಣೆ

ಆಕೆಯೊಬ್ಬಳನ್ನೇ ನೋಡಲು ಆಗದಿದ್ದರೆ ಪ್ರಶ್ನೆ ಕೇಳಬೇಡಿ. ಗಂಡನೆದುರು ಕೇಳಿದ ಪ್ರಶ್ನೆಗೆ ಉತ್ತರ ಸಿಗುವುದು ಮನೆಗೆ ಹೋದ ಮೇಲೆ, ಅದೂ ಆಕೆಗೆ.

ಒಬ್ಬರನ್ನೇ ನೋಡುವುದನ್ನು ಎಲ್ಲರಿಗೂ ಅನ್ವಯಿಸುವ ನಿಯಮ ಮಾಡಿ. ಬಾಗಿಲ ಹೊರಗೆ ಕನ್ನಡ, ಮರಾಠಿ, ಹಿಂದಿ, ಗೋವಾದಲ್ಲಿ ಕೊಂಕಣಿ ಭಾಷೆಗಳಲ್ಲಿ ಫಲಕ ಹಾಕಿ: “ಮೊದಲ 15 ನಿಮಿಷ ಪೇಷಂಟ್ ಒಬ್ಬರನ್ನೇ ನೋಡುತ್ತೇವೆ. ಆಮೇಲೆ ಮನೆಯವರನ್ನು ಕರೆಯುತ್ತೇವೆ.” ಗಂಡಸು ಪೇಷಂಟ್ ಬಂದರೂ ಇದೇ ನಿಯಮ. ಹೀಗಿದ್ದಾಗ “ನನ್ನ ಮೇಲೆ ಯಾಕೆ ಅನುಮಾನ” ಎಂಬ ಮಾತಿಗೆ ಜಾಗವಿರುವುದಿಲ್ಲ. ಆದರೂ ಅವನು ಕದಲದಿದ್ದರೆ ವಾದಕ್ಕಿಳಿಯಬೇಡಿ. ತೂಕ, ಬಿಪಿ ನೋಡಲು ನರ್ಸ್ ಆಕೆಯನ್ನು ಒಳಗೆ ಕರೆದೊಯ್ಯಲಿ. ಅವನನ್ನು ಕೇಸ್‌ಪೇಪರಿನ ವಿಳಾಸ ತುಂಬಲು ಕೌಂಟರಿಗೆ ಕಳಿಸಿ. ನಾಲ್ಕೈದು ನಿಮಿಷ ಸಿಕ್ಕರೂ ಒಂದು ಪ್ರಶ್ನೆಗೆ ಸಾಕು.

ಮುನಿಸಿಪಲ್ ಆಸ್ಪತ್ರೆಯಲ್ಲಿ ಒಂದೇ ಕೋಣೆಯಲ್ಲಿ ಮೂರು ಮೇಜು ಇರುವುದು ಹೊಸದೇನಲ್ಲ. ಡ್ರೆಸ್ಸಿಂಗ್ ರೂಮೋ ಸ್ಟೋರೋ, ಬಾಗಿಲಿರುವ ಒಂದು ಜಾಗವನ್ನು ವಾರಕ್ಕೆ ಎರಡು ಗಂಟೆಗಾದರೂ ಕೇಳಿ ಪಡೆಯಿರಿ. ಎರಡು ವರ್ಷ ದಾಟಿದ ಮಗು ಒಳಗೆ ಬೇಡ. ಮನೆಗೆ ಹೋಗಿ “ಅವ್ವ ಅತ್ತಳು” ಎಂದು ಅದು ಹೇಳಿಬಿಡುತ್ತದೆ.

ನಿಮ್ಮ ಆಸ್ಪತ್ರೆಯಲ್ಲಿ ಕನ್ನಡ ಬರುವವರು ನೀವೊಬ್ಬರೇ ಆಗಿದ್ದರೆ ಬೇರೆ ವಿಭಾಗದವರು ನಿಮ್ಮನ್ನು ದುಭಾಷಿಯಾಗಿ ಕರೆಯುತ್ತಾರೆ. ಹೋಗಿ. ಆದರೆ ಒಂದು ಕಟ್ಟುನಿಟ್ಟು ಇರಲಿ: ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ, ‘ನಾನು’ ಎಂದೇ ದಾಟಿಸಿ. “ನನ್ನ ಗ್ವಾಡಿಗೆ ದೂಡಿ ಒದ್ದ” ಎಂದದ್ದು “ಗಂಡನ ಜೊತೆ ಸ್ವಲ್ಪ ಜಗಳ ಅಂತೆ” ಎಂದಾದರೆ ಅಲ್ಲಿಗೆ ಕೇಸು ಮುಗಿದಂತೆ. ನೀವು ಇಲ್ಲದ ದಿನ ವಾರ್ಡ್‌ಬಾಯ್, ಚಾಳಿನ ಪಕ್ಕದವರು, ಊರಿನವರು, ಮಕ್ಕಳು, ಅತ್ತೆ, ಇವರಲ್ಲಿ ಯಾರನ್ನೂ ದುಭಾಷಿಯಾಗಿ ಕೂರಿಸಬಾರದು. ಪರದೇಶದಂಥ ಊರಿನಲ್ಲಿ ಕನ್ನಡದವರ ಬಳಗ ಚಿಕ್ಕದು. ಸಂಜೆಯೊಳಗೆ ಸುದ್ದಿ ಗಂಡನ ಮೇಸ್ತ್ರಿಗೋ ಸಂಘದ ಕಾರ್ಯದರ್ಶಿಗೋ ತಲುಪಿರುತ್ತದೆ. ಬೇರೆ ಊರಿನಲ್ಲಿರುವ ಸಹೋದ್ಯೋಗಿಗೆ ಫೋನ್ ಮಾಡಿ, ಆಕೆಯ ಹೆಸರು ಹೇಳದೆ, ಸ್ಪೀಕರಿನಲ್ಲಿ ಮಾತನಾಡಿಸುವುದು ಇದಕ್ಕಿಂತ ಎಷ್ಟೋ ವಾಸಿ.

ಫೋನಿನ ಜಾಡೂ ಕೋಣೆಯ ವ್ಯವಸ್ಥೆಯಲ್ಲೇ ಸೇರುತ್ತದೆ. ಅಪಾಯಿಂಟ್‌ಮೆಂಟ್ ಮೆಸೇಜ್ ಯಾರು ಓದುತ್ತಾರೆ? ಯುಪಿಐನಲ್ಲಿ ಫೀಸು ಕೊಟ್ಟರೆ ಕ್ಲಿನಿಕ್ಕಿನ ಹೆಸರು ಯಾರ ಬ್ಯಾಂಕ್ ಖಾತೆಯಲ್ಲಿ ಕಾಣುತ್ತದೆ? ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊಳ್ಳಿ: ಯಾವ ನಂಬರಿಗೆ, ಎಷ್ಟು ಗಂಟೆಗೆ ಕರೆ ಮಾಡಬಹುದು, ಬೇರೆಯವರು ಎತ್ತಿದರೆ ಯಾರೆಂದು ಹೇಳಬೇಕು.

ಕೇಳುವುದು ಹೇಗೆ

‘ಕೌಟುಂಬಿಕ ದೌರ್ಜನ್ಯ’ ಎಂಬ ಮಾತು ಕಚೇರಿಯದು. “ನಿಮ್ಮ ಮೇಲೆ ದೌರ್ಜನ್ಯ ಆಗ್ತಿದೆಯಾ?” ಎಂದು ಕೇಳಿದರೆ “ಇಲ್ರೀ, ಹಂಗೇನಿಲ್ಲ” ಅನ್ನುತ್ತಾರೆ. ಮತ್ತೆರಡು ನಿಮಿಷಕ್ಕೆ “ಕುಡದಾಗ ಬಡೀತಾನ, ಆಮ್ಯಾಲ ಸುಮ್ನಾಗ್ತಾನ” ಅನ್ನುತ್ತಾರೆ. ಎರಡೂ ಪ್ರಾಮಾಣಿಕ ಉತ್ತರಗಳೇ. ಆದ್ದರಿಂದ ಹೆಸರು ಬಿಡಿ, ಕೆಲಸ ಕೇಳಿ.

ಶುರುವಿಗೆ ಒಂದು ಮುನ್ನುಡಿ ಬೇಕು: “ನಿದ್ದಿ ಬರಲಾರದವರು, ಎದಿ ಝಲ್ ಅನ್ನೋರು ಭಾಳ ಮಂದಿ ನಮ್ಮ ಕಡೆ ಬರ್ತಾರ. ಅವರೊಳಗ ಎಷ್ಟೋ ಮಂದಿಗೆ ಮನ್ಯಾಗ ತ್ರಾಸ ಇರ್ತದ. ಅದಕ್ಕ ಎಲ್ಲಾರ್ನೂ ಕೇಳ್ತೀವಿ.” ನಂತರ ಮೆಲ್ಲಗೆ ಒಳಗೆ ಹೋಗಿ. ಮನ್ಯಾಗ ಯಾರಿಗರೆ ಅಂಜಿಕಿ ಆಗ್ತದೇನು? ಸಿಟ್ಟು ಬಂದಾಗ ಏನು ಮಾಡ್ತಾರ? ಕೈ ಮಾಡ್ತಾರೇನ್ರೀ? ನಿಮ್ಮ ಪಗಾರ ಯಾರ ಕೈಯಾಗ ಇರ್ತದ? ತವರಿಗೆ ಫೋನ್ ಹಚ್ಚಾಕ ಬಿಡ್ತಾರೇನು? ನಿಮಗ ಮನಸ್ಸಿಲ್ಲದಾಗೂ ಬಲವಂತ ಮಾಡ್ತಾರೇನು? ಕರಾವಳಿಯವರಾದರೆ “ಗಲಾಟೆ ಆದಾಗ ಕೈ ಮಾಡ್ತಾರಾ?”, “ಮನೆಯಲ್ಲಿ ಯಾರಿಗಾದ್ರೂ ಹೆದರಿ ಇರ್ಬೇಕಾಗ್ತದಾ?” ಎಂಬ ಧಾಟಿ. ಹೆಂಗಸು ಸಮಾಲೋಚಕಿಯಾದರೆ “ಅಕ್ಕಾರ” ಎಂದು ಕರೆದರೆ ಸಾಕು, ಅರ್ಧ ಬಿಗಿ ಸಡಿಲಾಗುತ್ತದೆ. ಗಂಡಸರು ‘ರೀ’ ಹಚ್ಚಿ ಮಾತಾಡಲಿ. ಮೊದಲ ಭೇಟಿಯಲ್ಲೇ ‘ತಂಗಿ’ ಎಂದರೆ ಕೆಲವರಿಗೆ ಅದು ಅಣ್ಣನ ಅಧಿಕಾರದ ಹಾಗೆ ಕೇಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಆಸ್ಪತ್ರೆಗೆ ಬರುವ ಪ್ರತಿ ಮಹಿಳೆಯನ್ನೂ ಯಾಂತ್ರಿಕವಾಗಿ ಕೇಳುತ್ತ ಹೋಗಿ ಎಂದು ಹೇಳಲಿಲ್ಲ. ಹಿಂಸೆಯಿಂದ ಬಂದಿರಬಹುದಾದ ತೊಂದರೆ ಕಂಡಲ್ಲಿ ಕೇಳಿ ಎಂದಿತು. ಖಿನ್ನತೆ, ಆತಂಕ, ಆತ್ಮಹತ್ಯೆಯ ಯತ್ನ ಆ ತೊಂದರೆಗಳಲ್ಲೇ ಬರುವುದರಿಂದ ನಮ್ಮ ವಿಭಾಗದಲ್ಲಿ ಕೇಳದೆ ಬಿಡುವ ಸಂದರ್ಭಗಳೇ ಕಡಿಮೆ.

ಉತ್ತರ ಹೊರಬರುವ ಮೊದಲು ಗೋಪ್ಯತೆಯ ಮಿತಿ ಹೇಳಬೇಕು, ಬಂದ ಮೇಲಲ್ಲ. ವಯಸ್ಕ ಮಹಿಳೆ ಮನೆಯ ಹಿಂಸೆ ಹೇಳಿಕೊಂಡರೆ ಸಮಾಲೋಚಕರು ಪೊಲೀಸರಿಗೆ ತಿಳಿಸಲೇಬೇಕು ಎಂದು 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಹೇಳುವುದಿಲ್ಲ. ಸದ್ಭಾವನೆಯಿಂದ ಸಂರಕ್ಷಣಾಧಿಕಾರಿಗೆ (ಈ ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿ) ತಿಳಿಸಿದವರಿಗೆ ರಕ್ಷಣೆ ಕೊಡುತ್ತದೆ, ಅಷ್ಟೇ. ತಿಳಿಸುವುದೋ ಬಿಡುವುದೋ ಆಕೆಯ ಆಯ್ಕೆ. ಆದರೆ 18 ತುಂಬದವರ ಮೇಲಿನ ಲೈಂಗಿಕ ಅಪರಾಧವನ್ನು ಪೋಕ್ಸೊ ಕಾಯ್ದೆಯ 19ನೇ ಕಲಮಿನಡಿ ತಿಳಿಸಲೇಬೇಕು. ಹದಿನೇಳರ ಹುಡುಗಿ, ಮದುವೆಯಾಗಿದೆ, ಬಸುರಿ ಎಂದರೂ ಇದರಿಂದ ವಿನಾಯಿತಿ ಇಲ್ಲ. ಕಟ್ಟಡದ ಕೂಲಿ ಕುಟುಂಬಗಳೊಂದಿಗೆ ಕೆಲಸ ಮಾಡುವವರಿಗೆ ಇದು ಪುಸ್ತಕದ ಮಾತಲ್ಲ.

ಆಕೆ ಹೇಳಿದ ನಂತರದ ಎರಡು ನಿಮಿಷ

ಪೆನ್ನು ಕೆಳಗಿಡಿ. “ಇದು ನಿಮ್ಮ ತಪ್ಪಲ್ಲ. ಹೇಳಿದ್ದು ಛಲೋ ಆತು. ಈಗ ಮನಿಗೆ ಹೋಗಾಕ ಅಂಜಿಕಿ ಅದೇನು?” ಈ ಮೂರು ಮಾತು ಈ ಹೊತ್ತಿಗೆ ಸಾಕು. “ಮತ್ತೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ?” ಎಂಬ ಪ್ರಶ್ನೆ ಕುತೂಹಲದಿಂದ ಬಂದರೂ ಆಕೆಗೆ ಅದು ಆರೋಪವೇ. ಕನ್ನಡ ಬಲ್ಲ ನಮಗೆ ಮತ್ತೊಂದು ಕುತ್ತೂ ಇದೆ: ನಮ್ಮ ನಾಲಿಗೆಯ ತುದಿಯಲ್ಲೇ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಕುಳಿತಿರುತ್ತದೆ. ಆಕೆ ಅದನ್ನು ಅವ್ವನಿಂದ, ಅತ್ತೆಯಿಂದ, ಸಂಘದ ಹಿರಿಯರಿಂದ ಕೇಳಿಯೇ ಬಂದಿದ್ದಾಳೆ. ಇಷ್ಟು ದೂರ ಬಸ್ಸು ಹಿಡಿದು ಬಂದದ್ದು ಬೇರೆಯದನ್ನು ಕೇಳಲು. “ಬಿಟ್ಟು ಬಂದುಬಿಡಿ” ಎಂಬ ಅವಸರದ ಸಲಹೆಯೂ ಅಷ್ಟೇ ಕೆಟ್ಟದ್ದು, ಯಾಕೆಂಬುದು ಮುಂದಿದೆ.

ಅಪಾಯದ ಅಳತೆ

ಇಲ್ಲಿ ಅವಸರ ಬೇಡ. ಜಾಕ್ವೆಲಿನ್ ಕ್ಯಾಂಪ್‌ಬೆಲ್ ರೂಪಿಸಿದ ಅಪಾಯ ಅಳೆಯುವ ಪ್ರಶ್ನಾವಳಿಯಲ್ಲಿ 20 ಪ್ರಶ್ನೆಗಳಿವೆ. ಅದನ್ನು ಇಡೀಯಾಗಿ ಬಳಸಲು ತರಬೇತಿ ಬೇಕು, ಆದರೆ ಅದರ ತಿರುಳನ್ನು ಯಾರಾದರೂ ಕೇಳಬಹುದು. ಕಳೆದೊಂದು ವರ್ಷದಲ್ಲಿ ಹೊಡೆತ ಹೆಚ್ಚಾಗಿದೆಯೇ? ಕೊಡಲಿ, ಚೂರಿ, ಕುಡಗೋಲು ತೋರಿಸಿದ್ದಾನೆಯೇ? “ಕೊಂದು ಹಾಕ್ತೀನಿ” ಅಂದಿದ್ದಾನೆಯೇ, ಅದನ್ನು ಮಾಡಿಯಾನು ಎಂದು ಆಕೆಗೆ ಅನ್ನಿಸುತ್ತದೆಯೇ? ಬಸುರಿ ಇದ್ದಾಗ ಹೊಡೆದಿದ್ದಾನೆಯೇ? ಸದಾ ಸಂಶಯ, ಹಿಂಬಾಲಿಸುವುದು ಇದೆಯೇ? ತಾನೇ ಸಾಯುವೆ ಎನ್ನುತ್ತಾನೆಯೇ? ಆಕೆ ಬಿಟ್ಟು ಹೋಗುವ ಮಾತು ಆಡಿದ್ದಾಳೆಯೇ? ಕೊನೆಯ ಪ್ರಶ್ನೆಯಲ್ಲೇ ‘ಬಿಟ್ಟು ಬಂದುಬಿಡಿ’ ಯಾಕೆ ತಪ್ಪು ಎಂಬುದಿದೆ. ಬಿಟ್ಟು ಹೋಗುವ ಹೊತ್ತು, ಹೋದ ನಂತರದ ಮೊದಲ ವಾರಗಳು ಅತ್ಯಂತ ಅಪಾಯದವು. ಸಿದ್ಧತೆಯಿಲ್ಲದೆ ಹೊರಟರೆ ಆ ಅಪಾಯ ಪೂರ್ತಿ ಆಕೆಯ ತಲೆಯ ಮೇಲೆ.

ಕುತ್ತಿಗೆ ಹಿಚುಕಿದ್ದನ್ನು ಪ್ರತ್ಯೇಕವಾಗಿ ಕೇಳಿ, ಏಕೆಂದರೆ ತಾನಾಗಿ ಯಾರೂ ಹೇಳುವುದಿಲ್ಲ. “ಹೊಡೆದನಾ?” ಎಂದರೆ “ಇಲ್ಲ” ಅಂದಾರು, ಹಿಚುಕುವುದು ಹೊಡೆತದ ಲೆಕ್ಕಕ್ಕೆ ಬರುವುದಿಲ್ಲ. “ಕುತಿಗಿ ಒತ್ತಿ ಹಿಡದಿದ್ದನೇನು? ಆಗ ಕಣ್ಣಿಗೆ ಕತ್ತಲಿ ಬಂತೇನು? ದನಿ ಬದಲಾತೇನು? ನುಂಗಾಕ ತ್ರಾಸ ಆತೇನು? ಗೊತ್ತಿಲ್ಲದಂಗ ಒಂದಕ್ಕ ಹೋತೇನು?” ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂದರೂ, ಘಟನೆ ಈಚಿನದಾದರೆ ಅವತ್ತೇ ಕ್ಯಾಜುವಾಲಿಟಿಗೆ ಕಳಿಸಿ. ಕಣ್ಣಿನ ಬಿಳಿಯಲ್ಲಿ, ಕಿವಿಯ ಹಿಂದೆ ಸಾಸಿವೆಯಂಥ ಕೆಂಪು ಚುಕ್ಕಿ ಹುಡುಕಿ. ಕುತ್ತಿಗೆಯ ಮೇಲೆ ಗುರುತೇ ಇಲ್ಲದೆಯೂ ಒಳಗಿನ ರಕ್ತನಾಳ ಸೀಳಿ, ದಿನಗಳ ಮೇಲೆ ಪಾರ್ಶ್ವವಾಯು ಬಡಿದೀತು. ಹಿಂದೊಮ್ಮೆ ಹಿಚುಕಿದವನ ಕೈಯಲ್ಲಿ ಮುಂದೆ ಕೊಲೆಯಾಗುವ ಸಂಭವ ಹಲವು ಪಟ್ಟು ಹೆಚ್ಚು ಎಂದು ಅಧ್ಯಯನಗಳು ತೋರಿಸಿವೆ. ಹಾಗಾಗಿ ಈ ಉತ್ತರವೊಂದೇ ಇಡೀ ಯೋಜನೆಯನ್ನು ಬದಲಿಸಬೇಕು.

ಜೊತೆಗೇ ಆತ್ಮಹತ್ಯೆಯ ವಿಚಾರ ಕೇಳಬೇಕು, ಬೇರೆ ದಿನಕ್ಕೆ ತಳ್ಳಬಾರದು. ಇಲಿ ಪೇಸ್ಟ್ ತಿಂದು ವಾಂತಿ ಮಾಡಿಕೊಂಡು “ಈಗ ಆರಾಮ ಅದೀನಿ” ಎಂದು ಮರುದಿನ ನಿಮ್ಮ ಮುಂದೆ ಕುಳಿತವರನ್ನು ನಂಬಿ ಮನೆಗೆ ಕಳಿಸಬೇಡಿ. ಹಳದಿ ರಂಜಕವಿರುವ ಪೇಸ್ಟಾದರೆ ಮೊದಲ ಒಂದೆರಡು ದಿನ ಏನೂ ಕಾಣದೆ ಆಮೇಲೆ ಯಕೃತ್ತು ಕೈಕೊಡುತ್ತದೆ. ಪೊಲೀಸ್ ಕೇಸಿನ ಭಯಕ್ಕೆ ಮುಚ್ಚಿಡುವವರಿಗೆ ಹೇಳಿ: 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸುತ್ತದೆ, ಅವರನ್ನು ಶಿಕ್ಷಿಸುವುದಿಲ್ಲ.

ಸುರಕ್ಷತೆಯ ಯೋಜನೆ

ಇದನ್ನು ಬಾಯಲ್ಲಿ ಮಾಡಿ. ಕಾಗದ ಕೊಟ್ಟರೆ ಅದು ಸಿಕ್ಕಿಬೀಳುತ್ತದೆ. ಚಾಳಿನ ಹತ್ತಡಿ ಕೋಣೆಯಲ್ಲಿ ‘ಬೇರೆ ಕೋಣೆಗೆ ಹೋಗಿ’ ಎಂಬ ಸಲಹೆ ಹಾಸ್ಯಾಸ್ಪದ. ಅಲ್ಲಿ ಕೇಳಬೇಕಾದದ್ದು: ಬಾಗಿಲಿಗೆ ಹತ್ತಿರ ಯಾವ ಮೂಲೆ? ಜಗಳ ಶುರುವಾದರೆ ಗ್ಯಾಸು, ಈಳಿಗೆಮಣೆ ಇರುವ ಬದಿಯಿಂದ ಈಚೆ ಬರಲಾಗುತ್ತದೆಯೇ? ನೀರಿನ ನಲ್ಲಿಯ ಹತ್ತಿರ ಯಾವ ಹೊತ್ತಿಗೂ ಜನ ಇರುತ್ತಾರೆಯೇ? ಕೂಗಿದರೆ ಯಾರು ಬರುತ್ತಾರೆ, ಯಾರು ಬಾಗಿಲು ಹಾಕಿಕೊಳ್ಳುತ್ತಾರೆ? ನಂಬುವ ನೆರೆಯವಳೊಂದಿಗೆ ಒಂದು ಸಂಕೇತ ಮಾತು: “ಸಕ್ಕರೆ ಐತೇನ ಯಕ್ಕಾ” ಎಂದು ಮಗು ಬಂದು ಕೇಳಿದರೆ 112ಕ್ಕೆ ಫೋನು. ಫ್ಲ್ಯಾಟಿನಲ್ಲಿರುವವರಿಗೆ ಲೆಕ್ಕ ಬೇರೆ. ಅಲ್ಲಿ ಕೂಗು ಕೇಳುವುದಿಲ್ಲ, ವಾಚ್‌ಮನ್ ಗಂಡನ ಸಲಾಮಿನವನು. ಆದರೆ ಬೀಗ ಹಾಕಿಕೊಳ್ಳಬಲ್ಲ ಬಾತ್‌ರೂಮು ಇರುತ್ತದೆ. ಒಳಗೆ ಫೋನಿದ್ದರೆ ಅದು ಆಸರೆ, ಇಲ್ಲದಿದ್ದರೆ ಬೋನು.

ಚೀಲವೊಂದನ್ನು ಮನೆಯ ಹೊರಗೆ, ಕೆಲಸದ ಮನೆಯಲ್ಲೋ ಗೆಳತಿಯ ಬಳಿಯೋ ಇಡಿಸಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪತ್ರ, ಮದುವೆಯ ನೋಂದಣಿ ಅಥವಾ ಲಗ್ನಪತ್ರಿಕೆ ಮತ್ತು ಫೋಟೊ, ಆಸ್ಪತ್ರೆಯ ಕಾಗದ, ಏಳು ದಿನದ ಮಾತ್ರೆ, ಊರಿಗೆ ಬಸ್ಸಿಗಾಗುವಷ್ಟು ನಗದು. ಮೂಲ ಪತ್ರ ಕಾಣೆಯಾದರೆ ಗಂಡನಿಗೆ ತಿಳಿಯುತ್ತದೆ ಎಂದಿದ್ದರೆ ಜೆರಾಕ್ಸ್ ಸಾಕು. ಮೈಮೇಲಿನ ಬಂಗಾರ ಆಕೆಯದೇ ಸ್ತ್ರೀಧನ. ಅದರ ಫೋಟೊ ಇರಲಿ. ಎರಡು ಫೋನ್ ನಂಬರ್ ಬಾಯಿಪಾಠ ಮಾಡಿಸಿ. ಮೊಬೈಲ್ ಕಸಿದುಕೊಂಡ ರಾತ್ರಿ ಬಾಯಲ್ಲಿದ್ದದ್ದೇ ಉಳಿಯುವುದು.

ತವರು ಒಂದು ರಾತ್ರಿಯ ಪ್ರಯಾಣದ ದೂರ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಸಂಜೆ ಜಗಳವಾದರೆ ಹುಬ್ಬಳ್ಳಿ ಬಸ್ಸು ಎಷ್ಟಕ್ಕೆ, ಅಲ್ಲಿಯ ತನಕ ಎಲ್ಲಿ ಕೂರುವುದು? ಅವನು ಮೊದಲು ಹುಡುಕುವುದು ಬಸ್‌ಸ್ಟ್ಯಾಂಡನ್ನೇ. ತವರಿನವರು ಮೂರನೇ ದಿನಕ್ಕೆ ತಾವೇ ತಂದು ಬಿಡುವವರೋ ಅಲ್ಲವೋ, ಅದನ್ನೂ ಕೇಳಿ.

ಫೋನಿನಲ್ಲಿ ಲೊಕೇಶನ್ ಹಂಚಿಕೆ, ವಾಟ್ಸ್‌ಆಪ್ ಬೇರೆ ಯಂತ್ರಕ್ಕೆ ಜೋಡಣೆಯಾಗಿರುವುದು, ಇಬ್ಬರದೂ ಒಂದೇ ಗೂಗಲ್ ಖಾತೆ, ಈ ಮೂರನ್ನೂ ನೋಡಿ. ಕಂಡ ಕೂಡಲೇ ತೆಗೆದುಹಾಕಬೇಡಿ! ಇದ್ದಕ್ಕಿದ್ದಂತೆ ಬಂದಾದರೆ ಅವನಿಗೆ ಎಚ್ಚರಿಕೆ ಕೊಟ್ಟ ಹಾಗೆ. ಯಾವಾಗ ತೆಗೆಯಬೇಕೆಂದು ಆಕೆಯೇ ನಿರ್ಧರಿಸಲಿ. ಅಲ್ಲಿಯವರೆಗೆ ಮುಖ್ಯ ಕರೆಗಳು ಬೇರೆಯವರ ಫೋನಿನಿಂದ.

ಮಾತ್ರೆ, ಚಿಕಿತ್ಸೆ

ಗಂಡನ ಹೊಡೆತಕ್ಕೆ ಹೆಂಡತಿಗೆ ನಿದ್ದೆಮಾತ್ರೆ ಕೊಡುವುದು ನಮ್ಮ ವೃತ್ತಿಯ ಹಳೇ ಚಾಳಿ. ಗಾಢ ನಿದ್ದೆಯಲ್ಲಿರುವವಳು ರಾತ್ರಿ ಎದ್ದು ಓಡಲಾರಳು, ಮಗುವನ್ನು ಎತ್ತಿಕೊಳ್ಳಲಾರಳು. ಕೊಡಲೇಬೇಕಾದರೆ ಕಡಿಮೆ ಪ್ರಮಾಣ, ಕಡಿಮೆ ದಿನ, ಕಾರಣ ಹೇಳಿ. ವಿಷ ಸೇವನೆಯ ಇತಿಹಾಸವಿದ್ದರೆ ಅಮಿಟ್ರಿಪ್ಟಿಲಿನ್‌ನಂಥ ಹಳೆಯ ಔಷಧದ ತಿಂಗಳ ಪಟ್ಟಿಯನ್ನು ಒಮ್ಮೆಗೇ ಕೈಗಿಡಬೇಡಿ, ಅತಿಯಾದರೆ ಅದು ಹೃದಯಕ್ಕೆ ಹೋಗುತ್ತದೆ. ವಾರಕ್ಕೊಮ್ಮೆ ಕೊಡಿ, ವಾರಕ್ಕೊಮ್ಮೆ ಬರಲು ಆಕೆಗೊಂದು ನೆಪವೂ ಆದೀತು. ಮಾತ್ರೆಯ ಪಟ್ಟಿ ಯಾರ ಕೈಯಲ್ಲಿರುತ್ತದೆ ಎಂದು ಕೇಳಿ. “ಹುಚ್ಚಿನ ಮಾತ್ರೆ ತಗೋತಾಳ” ಎಂದು ಓಣಿಗೆಲ್ಲ ತೋರಿಸುವವರಿದ್ದಾರೆ.

ಮಾನಸಿಕ ಚಿಕಿತ್ಸೆಯಲ್ಲಿ ಒಂದು ವ್ಯತ್ಯಾಸ ಮುಖ್ಯ. ಆಘಾತದ ನೆನಪಿನ ಮೇಲೆ ಕೆಲಸ ಮಾಡುವ ವಿಧಾನಗಳು, ಅಂದರೆ ಅರಿವಿನ ವರ್ತನಾ ಚಿಕಿತ್ಸೆ (ಸಿಬಿಟಿ), ಕಣ್ಣಿನ ಚಲನೆ ಬಳಸಿ ನೆನಪಿನ ನೋವು ತಗ್ಗಿಸುವ ಇಎಂಡಿಆರ್, ಇವು ಹಿಂಸೆ ನಿಂತವರಿಗೆ ಹೇಳಿದವು. ಇವತ್ತು ರಾತ್ರಿಯೂ ಅದೇ ಮನೆಗೆ ಹೋಗುವವಳಿಗೆ ಬಾಗಿಲ ಸದ್ದಿಗೆ ಎದೆ ಹಾರುವುದು ರೋಗಲಕ್ಷಣವಲ್ಲ, ಲೆಕ್ಕಾಚಾರ. ಅದನ್ನು ಕಡಿಮೆ ಮಾಡಲು ಹೋಗಬೇಡಿ. ‘ದಿನಾ ಅರ್ಧ ಗಂಟೆ ವಾಕಿಂಗ್’ ಎಂಬ ಹೋಮ್‌ವರ್ಕ್ ಕೊಡುವ ಮೊದಲು, ಹೊರಗೆ ಹೋದದ್ದಕ್ಕೆ ಮನೆಯಲ್ಲಿ ಏನಾಗುತ್ತದೆ ಎಂದು ಕೇಳಿ. ಡೈರಿ ಬರೆಸಬೇಡಿ.

ಕಾಗದದಲ್ಲಿ ಬರೆದದ್ದು

ನಿಮ್ಮ ಫೈಲು ಮುಂದೊಂದು ದಿನ ಕೋರ್ಟಿನಲ್ಲಿ ತೆರೆದುಕೊಳ್ಳುತ್ತದೆ ಎಂದುಕೊಂಡೇ ಬರೆಯಿರಿ. ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ಮಾನಸಿಕ ಕಾಯಿಲೆ ವಿಚ್ಛೇದನಕ್ಕೊಂದು ಕಾರಣ. ಒದೆ ತಿಂದು ನಿದ್ದೆಗೆಟ್ಟು ಬಂದವಳ ಕೇಸ್‌ಪೇಪರಿನಲ್ಲಿ ‘ಸೈಕೋಸಿಸ್ ಇರಬಹುದೇ’ ಎಂದು ಪ್ರಶ್ನೆಚಿಹ್ನೆ ಹಾಕಿ ಗೀಚಿದ ಒಂದು ಸಾಲು ಸಾಕು, ಮಕ್ಕಳ ಸುಪರ್ದಿಯ ಅರ್ಜಿಯಲ್ಲಿ ಅದರ ಜೆರಾಕ್ಸ್ ಲಗತ್ತಾಗುತ್ತದೆ, ಪ್ರಶ್ನೆಚಿಹ್ನೆಯ ಕಡೆ ಯಾರೂ ನೋಡುವುದಿಲ್ಲ.

ಬರೆಯುವ ಕ್ರಮ ಹೀಗಿರಲಿ. ದಿನಾಂಕ, ಸಮಯ, ಜೊತೆಗೆ ಯಾರು ಬಂದಿದ್ದರು, ಯಾವ ಭಾಷೆಯಲ್ಲಿ ಮಾತಾಯಿತು, ದುಭಾಷಿ ಇದ್ದರೇ. ಆಕೆಯ ಮಾತು ಉದ್ಧರಣ ಚಿಹ್ನೆಯಲ್ಲಿ, ಕನ್ನಡದಲ್ಲೇ: “ಸೋಮವಾರ ರಾತ್ರಿ ಬೆಲ್ಟಿಲೆ ಹೊಡದ.” ಕೆಳಗೆ ಇಂಗ್ಲಿಷ್ ಅನುವಾದ. ಹೊಡೆದವನ ಸಂಬಂಧ ಸ್ಪಷ್ಟವಾಗಿ: ‘ಗಂಡ’, ‘ಮೈದುನ’. ‘ಯಾರೋ’ ಅಲ್ಲ. ಗಾಯವನ್ನು ದೇಹದ ಚಿತ್ರದ ಮೇಲೆ ಗುರುತಿಸಿ ಉದ್ದಗಲ ಸೆಂಟಿಮೀಟರಿನಲ್ಲಿ, ಬಣ್ಣ, ಆಕಾರ. ಬಣ್ಣ ನೋಡಿ ಗಾಯ ಎಷ್ಟು ದಿನದ್ದೆಂದು ಊಹಿಸಿ ಬರೆಯಬೇಡಿ, ಅದು ನಿಖರವಲ್ಲ. ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. ‘ಆರೋಪಿಸುತ್ತಾಳೆ’ ಬದಲು ‘ಹೇಳುತ್ತಾರೆ’ ಎನ್ನಿ. ‘ನಾಟಕೀಯ’, ‘ಹಿಸ್ಟೀರಿಕಲ್’, ‘ಹೊಂದಾಣಿಕೆಯ ಸಮಸ್ಯೆ’ ಇವೆಲ್ಲ ಬೇಡ. ಖಿನ್ನತೆ ಎಂದು ಬರೆದರೆ ಜೊತೆಗೇ “ಲಕ್ಷಣಗಳು ಗಂಡನ ಹೊಡೆತ ಶುರುವಾದ ನಂತರ ಆರಂಭವಾದವು ಎಂದು ಹೇಳುತ್ತಾರೆ; ಮಕ್ಕಳ ಪಾಲನೆ, ಕೂಲಿ ಕೆಲಸ ನಿಭಾಯಿಸುತ್ತಿದ್ದಾರೆ” ಎಂದೂ ಸೇರಿಸಿ. ಆ ಕೊನೆಯ ಅರ್ಧ ವಾಕ್ಯಕ್ಕೆ ಸುಪರ್ದಿಯ ಕೇಸಿನಲ್ಲಿ ಬಂಗಾರದ ಬೆಲೆ.

ಗಂಡ ಬಂದು ಫೈಲು ಕೇಳಿದರೆ ಕೊಡುವಂತಿಲ್ಲ. ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಮಿನಡಿ ಗೋಪ್ಯತೆ ಆಕೆಯ ಹಕ್ಕು. ಆಕೆಯೇ ಕೇಳಿದರೆ 25ನೇ ಕಲಮಿನಡಿ ಆಕೆಗೆ ದಾಖಲೆ ಸಿಗಬೇಕು.

ಇನ್ನೊಂದು ಬಲೆ: ಹೆಂಡತಿಯನ್ನು ‘ಭರ್ತಿ’ ಮಾಡಿಸಲು ತರುವ ಗಂಡ. ಅದೇ ಕಾಯ್ದೆಯ 3ನೇ ಕಲಮಿನ ಪ್ರಕಾರ ಸಮಾಜದ, ಮನೆತನದ ರೀತಿನೀತಿಗೆ ಒಗ್ಗದಿರುವುದು ಮಾನಸಿಕ ಕಾಯಿಲೆಯ ಆಧಾರವಾಗಲಾರದು. 89ನೇ ಕಲಮಿನಡಿ ಒಪ್ಪಿಗೆಯಿಲ್ಲದ ದಾಖಲಾತಿಗೆ ಅರ್ಜಿ ಹಾಕುವವರು ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಚಿಕಿತ್ಸೆಯ ವಿಚಾರದಲ್ಲಿ ತನ್ನ ಪರವಾಗಿ ನಿಲ್ಲಲು ಆಕೆ ಹೆಸರಿಸಿದವರು. ಆಕೆ ಯಾರನ್ನೂ ಹೆಸರಿಸದಿದ್ದರೆ ಆ ಜಾಗಕ್ಕೆ ಗಂಡನೇ ಬಂದು ನಿಲ್ಲುತ್ತಾನೆ. ಅದಕ್ಕೇ ಶಾಂತವಾಗಿರುವ ದಿನವೇ ಬಿಳಿ ಹಾಳೆಯಲ್ಲಿ ಅವ್ವನದೋ ಅಕ್ಕನದೋ ಹೆಸರು ಬರೆಸಿ, ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿ. 14ನೇ ಕಲಮಿಗೆ ಅಷ್ಟು ಸಾಕು. ಬೇಕೆಂದಾಗ ಬದಲಿಸಲೂಬಹುದು. ಇಡೀ ಕಾಯ್ದೆಯಲ್ಲಿ ಇಷ್ಟು ಅಗ್ಗದ, ಇಷ್ಟು ಕಡಿಮೆ ಬಳಕೆಯ ರಕ್ಷಣೆ ಮತ್ತೊಂದಿಲ್ಲ.

ಇಬ್ಬರನ್ನೂ ಕೂರಿಸಿ ಮಾತಾಡುವುದು

ಹಿಂಸೆ ನಡೆಯುತ್ತಿರುವಾಗ ಜಂಟಿ ಸಮಾಲೋಚನೆ ಶುರು ಮಾಡಬೇಡಿ. ಕೋಣೆಯಲ್ಲಿ ಆಕೆ ನಿಜ ಹೇಳಿದರೆ ಮನೆಗೆ ಹೋಗುವ ರಿಕ್ಷಾದಲ್ಲಿ ಶಿಕ್ಷೆ ಶುರುವಾಗುತ್ತದೆ. ಹೇಳದಿದ್ದರೆ ನೀವು ಸುಳ್ಳಿನ ಮೇಲೆ ಕೆಲಸ ಮಾಡುತ್ತಿದ್ದೀರಿ. ಈಗಾಗಲೇ ಶುರುವಾಗಿದ್ದರೆ ಇಬ್ಬರಿಗೂ ‘ಇನ್ನು ಕೆಲವು ಭೇಟಿ ಬೇರೆ ಬೇರೆ’ ಎಂದಷ್ಟೇ ಹೇಳಿ. ಕಾರಣ ಆಕೆಯ ಮಾತು ಎಂಬ ಸುಳಿವೂ ಸಿಗಬಾರದು. ಮ್ಯಾಜಿಸ್ಟ್ರೇಟರು 2005ರ ಕಾಯ್ದೆಯ 14ನೇ ಕಲಮಿನಡಿ ಸಮಾಲೋಚನೆಗೆ ಕಳಿಸಿದ ಪ್ರಕರಣವಾದರೆ ಅದರ 2006ರ ನಿಯಮಗಳನ್ನು ಮೇಜಿನ ಮೇಲಿಟ್ಟುಕೊಳ್ಳಿ: ಹಿಂಸೆಗೆ ಸಮರ್ಥನೆ ಕೊಡಲು ಎದುರುದಾರನಿಗೆ ಅವಕಾಶವಿಲ್ಲ. “ಅವಳ ಬಾಯಿ ಸುಮ್ನಿರಲ್ಲ ಸರ್” ಎಂಬಲ್ಲಿಗೆ ಮಾತು ನಿಲ್ಲಿಸುವ ಅಧಿಕಾರ ನಿಮಗಿದೆ, ನಿಲ್ಲಿಸಿ.

ಕುಡಿತದ ಚಿಕಿತ್ಸೆ ಹಿಂಸೆಯ ಚಿಕಿತ್ಸೆಯಲ್ಲ. ಕುಡಿತ ಬಿಟ್ಟು ಮುಷ್ಟಿ ಬಿಡದವರಿದ್ದಾರೆ. ಊಟದಲ್ಲಿ ಗುಟ್ಟಾಗಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ಗೆ ಆಕೆ ಕೈಹಾಕದಂತೆ ನೋಡಿ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ ಮೇಲೆ ಕುಡಿದಾಗ ಜೀವಕ್ಕೇ ಕುತ್ತು. ಸಿಕ್ಕಿಬಿದ್ದರೆ ಆಕೆಗೂ.

ಎಲ್ಲಿಗೆ ಕಳಿಸುವುದು, ಹೇಗೆ ಕಳಿಸುವುದು

ನಂಬರ್ ಬರೆದುಕೊಟ್ಟು ಕಳಿಸುವುದು ಕಳಿಸಿದಂತಲ್ಲ. ನಿಮ್ಮ ಫೋನಿನಿಂದ ನೀವೇ ಕರೆ ಮಾಡಿ, ಆಕೆಯೆದುರು ಮಾತಾಡಿ, ಆ ಕಡೆ ಯಾರು, ಎಷ್ಟು ಗಂಟೆಗೆ ಸಿಗುತ್ತಾರೆ, ಕನ್ನಡ ಬರುತ್ತದೆಯೇ ಎಂದು ಕೇಳಿಕೊಳ್ಳಿ. ಮುಂಬೈಯಲ್ಲಿ 2000ರಲ್ಲಿ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಮಹಾನಗರಪಾಲಿಕೆ ಮತ್ತು ಸೆಹತ್ ಸಂಸ್ಥೆ ಸೇರಿ ಶುರುಮಾಡಿದ ದಿಲಾಸಾ ಕೇಂದ್ರಗಳು ಈಗ ಪಾಲಿಕೆಯ ಬೇರೆ ಆಸ್ಪತ್ರೆಗಳಲ್ಲೂ ಇವೆ. ಟಾಟಾ ಸಮಾಜವಿಜ್ಞಾನ ಸಂಸ್ಥೆ 1984ರಲ್ಲಿ ಮುಂಬೈ ಪೊಲೀಸರೊಂದಿಗೆ ಆರಂಭಿಸಿದ ಮಹಿಳೆ ಮತ್ತು ಮಕ್ಕಳ ವಿಶೇಷ ಕೋಶ ಮಹಾರಾಷ್ಟ್ರದ ಹಲವೆಡೆ ಪೊಲೀಸ್ ವ್ಯವಸ್ಥೆಯೊಳಗೇ ಕೆಲಸ ಮಾಡುತ್ತದೆ. ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ವೈದ್ಯಕೀಯ, ಕಾನೂನು, ಪೊಲೀಸ್ ನೆರವಿನ ಜೊತೆ ಐದು ದಿನದವರೆಗೆ ತಂಗಲು ಜಾಗ. ಸಹಾಯವಾಣಿ 181, ತುರ್ತಿಗೆ 112. ರಾತ್ರಿ ಮನಸ್ಸು ಕುಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡಬಹುದು. ಉಚಿತ ವಕೀಲರಿಗೆ 15100. ಮಹಿಳೆಗೆ ಇದಕ್ಕೆ ಆದಾಯದ ಮಿತಿಯೇ ಇಲ್ಲ. ಕೆಲವು ಆಶ್ರಯಧಾಮಗಳು ಮಾನಸಿಕ ಔಷಧ ನಡೆಯುತ್ತಿರುವವರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತವೆ. “ಸ್ಥಿರವಾಗಿದ್ದಾರೆ, ಮಾತ್ರೆ ತಾವೇ ತೆಗೆದುಕೊಳ್ಳುತ್ತಾರೆ, ಗುಂಪಿನಲ್ಲಿ ವಾಸಿಸಲು ಅಡ್ಡಿಯಿಲ್ಲ” ಎಂಬ ನಿಮ್ಮ ಮೂರು ಸಾಲಿನ ಪತ್ರ ಮೊದಲೇ ಕೈಯಲ್ಲಿರಲಿ.

ಕಾನೂನು ಬಿಡಿಸಿ ಹೇಳುವುದು ವಕೀಲರ ಕೆಲಸ. ಆದರೂ ಇಷ್ಟನ್ನು ನೀವು ಹೇಳಲೇಬೇಕು. 2005ರ ಕಾಯ್ದೆಯಲ್ಲಿ ಹೊಡೆತವಷ್ಟೇ ಅಲ್ಲ, ಬೈಗುಳ, ದುಡ್ಡು ಕಸಿಯುವುದು, ಗಂಡುಮಗು ಹೆರಲಿಲ್ಲವೆಂಬ ಹಂಗಿಸುವಿಕೆಯೂ ಹಿಂಸೆಯೇ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ಇರುವ ಹಕ್ಕು ಆಕೆಗಿದೆ. ವಯಸ್ಕ ಹೆಂಡತಿಯ ಮೇಲಿನ ಲೈಂಗಿಕ ಬಲವಂತ ಅತ್ಯಾಚಾರದ ಕಲಮಿಗೆ ಬರುವುದಿಲ್ಲ, ಆದರೆ ಈ ಕಾಯ್ದೆಯಡಿ ಪರಿಹಾರ ಕೇಳಬಹುದು. ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು. ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಹಳೆಯ ಐಪಿಸಿ 498-ಎ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 85. ಠಾಣೆಯಲ್ಲಿ ‘ಎನ್‌ಸಿ’ (ಪೊಲೀಸರು ತಾವಾಗಿಯೇ ತನಿಖೆ ಮಾಡಲಾಗದ ದೂರಿನ ದಾಖಲೆ) ಬರೆದು ಕಳಿಸಿದರೆ ಎಫ್‌ಐಆರ್ ಆಯಿತೆಂದು ಆಕೆ ತಿಳಿದುಕೊಂಡಿರುತ್ತಾಳೆ. ಎರಡರ ಅಂತರ ಹೇಳಿ. ನಮ್ಮವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 2005ರ ಕಾಯ್ದೆಯ 27ನೇ ಕಲಮು: ತಾತ್ಕಾಲಿಕವಾಗಿ ಇರುವ ಊರಿನಲ್ಲೂ ಅರ್ಜಿ ಹಾಕಬಹುದು. ಒದೆ ತಿಂದದ್ದು ಪುಣೆಯಲ್ಲಾದರೂ ಅರ್ಜಿ ಗದಗಿನಲ್ಲಿ ಹಾಕಬಹುದು, ಕನ್ನಡದಲ್ಲಿ.

ಆಕೆ ಬಾರದಿದ್ದರೆ

ಎರಡನೇ ಭೇಟಿಗೆ ಬಾರದಿರುವುದು ಸಾಮಾನ್ಯ, ಗಂಡನ ಬಳಿಗೆ ಮರಳುವುದೂ ಸಾಮಾನ್ಯ. ‘ಚಿಕಿತ್ಸೆ ಬಿಟ್ಟವರು’ ಎಂದು ಫೈಲು ಮುಚ್ಚಬೇಡಿ. ಒಪ್ಪಿಕೊಂಡ ನಂಬರಿಗೆ, ಒಪ್ಪಿಕೊಂಡ ಹೊತ್ತಿಗೆ ಒಂದು ಕರೆ. ಗಂಡಸು ಎತ್ತಿದರೆ ಆಕೆಯೇ ಹೇಳಿಕೊಟ್ಟ ಮಾತು: “ಬ್ಲೌಸ್ ರೆಡಿ ಆಗೇತ್ರಿ, ಬಂದು ಒಯ್ಯಾಕ ಹೇಳ್ರಿ.” ಇದು ಆಕೆಯ ಹೆಸರಿನ ಮುಂದೆ ರಿಜಿಸ್ಟರಿನಲ್ಲಿ ಬರೆದಿರಬೇಕು, ನೀವು ರಜೆಯಲ್ಲಿದ್ದ ದಿನ ಫೋನ್ ಮಾಡುವವರಿಗೂ ತಿಳಿಯುವಂತೆ. ಆರು ತಿಂಗಳ ಮೇಲೆ ಬಂದರೂ ಹೊಸ ಕೇಸ್‌ಪೇಪರ್ ಮಾಡಿಸದೆ ಹಳೆಯದನ್ನೇ ತೆಗೆಯಿರಿ, ಮೊದಲು ಕುತ್ತಿಗೆಯ ಪ್ರಶ್ನೆ ಕೇಳಿ.